ಅಕ್ಕಾರ ಕಾರಿನ ಸೈಲೆನ್ಸರ್

ಅಕ್ಕಾರು ಆ ಕಾರನ್ನು ನನ್ನ ಶೆಡ್ಡಿಗೆ ತಂದ ದಿನ ಅದರ ಸೈಲೆನ್ಸರನ್ನು ಬಟ್ಟೆ ಒಣಹಾಕುವ ನೈಲಾನ್ ಹಗ್ಗದಿಂದ ಬಂಪರಿಗೆ ಕಟ್ಟಿದ್ದರು. ಬಿಸಿಗೆ ಹಗ್ಗ ಅರ್ಧ ಕರಗಿ, ಸೈಲೆನ್ಸರಿನ ಒಂದು ತುದಿ ನೆಲಕ್ಕೆ ತಿಕ್ಕುತ್ತಾ ಬಂದಿತ್ತು. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನನ್ನದು ಕೊನೆಯ ಸಾಲಿನ ಶೆಡ್ಡು. ಅಲ್ಲಿಗೆ ಬರುವುದೆಲ್ಲ ಹಾಲಿನ ಟೆಂಪೋ, ಇಟ್ಟಿಗೆ ಹೊರುವ ಟ್ರ್ಯಾಕ್ಟರು, ಸಾಲಿ ಮಕ್ಕಳ ವ್ಯಾನು. ಎರಡೇ ಸೀಟಿನ, ಬಟ್ಟೆ ಟಾಪಿನ, ಸೊಂಟದೆತ್ತರಕ್ಕೆ ಮುಗಿದುಹೋಗುವ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಬಾಗಿಲಲ್ಲಿ ನಿಂತಾಗ ಪಕ್ಕದ ಲೇಥ್ ಅಂಗಡಿಯವರೆಲ್ಲ ಕೆಲಸ ಬಿಟ್ಟು ಬಂದರು. ಏನೋ ಅಂದರು, ನಕ್ಕರು. ನಾನೂ ನಕ್ಕೆ. ಅವರು ಅಂದದ್ದು ನನಗೆ ಕೇಳಿಸಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಹೊತ್ತಿಗೆ ನನ್ನ ಕಿವಿ ಮಂದವಾಗಿ ಮೂರ್ನಾಲ್ಕು ವರ್ಷವಾಗಿತ್ತು. ದಪ್ಪ ಸಪ್ಪಳವೆಲ್ಲ ಕೇಳುತ್ತಿತ್ತು: ಎಂಜಿನ್ನಿನ ಗುಡುಗು, ಸುತ್ತಿಗೆಯ ಏಟು, ಲಾರಿಯ ಹಾರ್ನು. ಸಣ್ಣ ಸಪ್ಪಳ, ತೆಳು ಸಪ್ಪಳ ಹೋಗಿತ್ತು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಬರೀ ಗದ್ದಲ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಚಾದಂಗಡಿಗೆ ಹೋಗುವುದನ್ನು ಬಿಟ್ಟೆ. ಫೋನ್ ಬಂದರೆ "ರೇಂಜ್ ಇಲ್ರಿ, ಮೆಸೇಜ್ ಹಾಕ್ರಿ" ಅಂದು ಇಡುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೇಳಬೇಕಾದ ಮಾತೂ ಇರಲಿಲ್ಲ. ಎಂಜಿನ್ ಕೆಲಸದವನ ಕಿವಿ ಹೋಗಿದೆ ಅಂತ ಊರಿಗೆ ಗೊತ್ತಾದರೆ ಯಾವ ಗಿರಾಕಿ ಬಾಗಿಲಿಗೆ ಬರುತ್ತಾನೆ? ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ ಅಂದರೆ ಹೆಚ್ಚು ಸರಿ.

ಒಬ್ಬನಿಗೆ ಮಾತ್ರ ಗೊತ್ತಿತ್ತು, ನನ್ನ ಪಾಲುದಾರನಿಗೆ. ಇಪ್ಪತ್ತೆರಡು ವರ್ಷ ಆ ಶೆಡ್ಡಿನಲ್ಲಿ ಇಬ್ಬರೂ ಕೆಲಸ ಮಾಡಿದ್ದೆವು. ಎಗ್ಸಾಸ್ಟಿನ, ಹೊಗೆ ಕೊಳವೆಯ ಕೆಲಸ ಅಂದರೆ ಇಬ್ಬರ ಕೆಲಸ. ಒಬ್ಬ ಒಳಗೆ ಕೂತು ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬ ಹೊರಗೆ ನಿಂತು ಕೇಳಬೇಕು. ಆ ಗದ್ದಲದಲ್ಲಿ ಮಾತು ನಡೆಯುವುದಿಲ್ಲ, ಕೈಯೇ ಮಾತು. ಅಂಗೈ ಮೇಲೆತ್ತಿದರೆ ಏರಿಸು, ಕೆಳಗೆ ಮಾಡಿದರೆ ಇಳಿಸು, ಮುಷ್ಟಿ ಹಿಡಿದರೆ ಅಲ್ಲೇ ನಿಲ್ಲಿಸು. ತೊಡೆಗೆ ಒಂದು ಏಟು ಹಾಕಿದರೆ ಕೆಲಸ ಮುಗಿಯಿತು. ಒಂದು ದಿನ ಒಬ್ಬ ವ್ಯಾಪಾರಿಯ ಜೀಪಿನ ಎಂಜಿನ್ ಕೇಳಿ ನಾನು "ಏನೂ ತೊಂದ್ರಿಲ್ಲ" ಅಂದೆ. ಪಾಲುದಾರ ನಾಲ್ಕು ಜನರ ಮುಂದೆ, "ಒಳಗ ಟ್ಯಾಪೆಟ್ ಟಿಕ್ ಟಿಕ್ ಬಡಿಯಾಕತ್ತೇತಿ. ನಿನ್ನ ಕಿವಿ ಹೋಗೇತಿ ಮಾರಾಯ, ದವಾಖಾನಿಗೆ ತೋರಸ್ಕೋ" ಅಂದ. ಕೇಳಿದವರು ಚೇಷ್ಟೆ ಅಂದುಕೊಂಡು ನಕ್ಕರು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಸೆದು, "ನಿನಗ ಇಲ್ಲಿ ಏನ್ ಕೆಲಸ? ಹೋಗು" ಅಂದೆ. ಅವನು ಹೋದ. ಹುಬ್ಬಳ್ಳಿಯ ಆಚೆ ಗಬ್ಬೂರಿನ ಬೈಪಾಸ್ ಬಳಿ ಸ್ವಂತ ಗ್ಯಾರೇಜು ಹಾಕಿದ. ಮೂರು ವರ್ಷವಾದರೂ ಇಬ್ಬರ ನಡುವೆ ಒಂದು ಮಾತಿಲ್ಲ. ಅವನ ಜಾಗದಲ್ಲಿ ನಾನು ಒಂದು ಇಟ್ಟಿಗೆ ಇಟ್ಟುಕೊಂಡೆ. ತಮಾಷೆಗೆ ಹೇಳುತ್ತಿಲ್ಲ, ಆಕ್ಸಿಲರೇಟರ್ ಮೇಲೆ ಇಡುವುದಕ್ಕೆ ನಿಜವಾದ ಇಟ್ಟಿಗೆ.

ಅಕ್ಕಾರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಇವರು ಮಿಷನ್ ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆಯಾದವರಲ್ಲ. ಅವರ ತಂದೆ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರಂತೆ. ಪರದೇಶದ ಡಾಕ್ಟರು ಊರಿಗೆ ಹೊರಟಾಗ ಈ ಕಾರನ್ನು ಅವರಿಗೆ ಬಿಟ್ಟುಹೋದರಂತೆ. ಅಪ್ಪನ ನಂತರ ಮಗಳು ಓಡಿಸಿದರು. ಭಾನುವಾರ ಚರ್ಚಿಗೆ, ಬುಧವಾರ ಸಂತೆಗೆ, ಮನಸ್ಸಿಗೆ ಬಂದಾಗ ನವಲೂರಿನ ತನಕ ಸುಮ್ಮನೆ ಒಂದು ಸುತ್ತು.

"ನೋಡ್ರಿ," ಅಂದರು ಅಕ್ಕಾರು, ನನ್ನ ಎದುರಿಗೆ ಬಂದು ನಿಂತು, ಒಂದೊಂದೇ ಶಬ್ದ ಬಿಡಿಸಿ. "ಈ ತಿಂಗಳ ಕೊನಿಗೆ ಗಾಡಿ ಫಿಟ್ನೆಸ್ ತಪಾಸಣಿಗೆ ಹೋಗಬೇಕು. ಸಪ್ಪಳ ಮಾಡಿದ್ರ ಪಾಸ್ ಆಗೂದಿಲ್ಲ. ಸೈಲೆನ್ಸರಿಗೆ ನಾ ಕೊಡೋದು ನನ್ನ ಒಂದು ತಿಂಗಳ ಪಿಂಚಣಿ. ಅದರ ಮ್ಯಾಲೆ ಹೋದ್ರ ಆಗೂದಿಲ್ಲ. ಪುಣೆದಾಂವ ಒಬ್ಬ ಎರಡು ವರ್ಷದಿಂದ ಬೆನ್ನು ಹತ್ಯಾನ, ಹಳೇ ಕಾರು ಕೂಡಿಡಾಂವ. ಅವಗ ಕೊಟ್ಟಬಿಡ್ತೀನಿ."

ಅವರ ಮಾತು ನನಗೆ ಪೂರ್ತಿ ಕೇಳಿಸಿತು. ಹಿಂದಿನ ಬೆಂಚಿಗೂ ಮುಟ್ಟುವ ಹಾಗೆ ಮಾತಾಡಿ ಅಭ್ಯಾಸವಾದ ದನಿ. ಎಷ್ಟೋ ತಿಂಗಳ ಮೇಲೆ ಒಬ್ಬರ ಮಾತು ಒಂದಕ್ಷರ ಬಿಡದೆ ಕೇಳಿಸಿದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ, "ಚಿಂತಿ ಬಿಡ್ರಿ ಅಕ್ಕಾರ, ಅದರಾಗ ಮುಗಸ್ತೀನಿ" ಅಂದುಬಿಟ್ಟೆ.

ಹಳೇ ಸೈಲೆನ್ಸರ್ ಬಿಚ್ಚಿದರೆ ಒಳಗೆ ಏನೂ ಉಳಿದಿರಲಿಲ್ಲ. ಸೈಲೆನ್ಸರ್ ಹೊರಗಿನಿಂದ ತುಕ್ಕು ಹಿಡಿಯುವುದಕ್ಕಿಂತ ಒಳಗಿನಿಂದ ಹಿಡಿಯುವುದು ಹೆಚ್ಚು. ಪೆಟ್ರೋಲು ಉರಿದಾಗ ನೀರು ಹುಟ್ಟುತ್ತದೆ. ಗಾಡಿ ದೂರ ಓಡಿದರೆ ಆ ನೀರು ಆವಿಯಾಗಿ ಹೋಗುತ್ತದೆ. ವಾರಕ್ಕೆ ಎರಡು ಸಲ ಚರ್ಚು, ಸಂತೆ ಅಂತ ಓಡಿದರೆ ಅಲ್ಲೇ ನಿಂತು ತಗಡನ್ನು ತಿನ್ನುತ್ತದೆ. ಬಗ್ಗಿಸಿದಾಗ ಎರಡು ಬೊಗಸೆ ತುಕ್ಕಿನ ಪುಡಿ ಸುರಿಯಿತು.

ಮುಂದೆ ಮೂರು ದಾರಿ ಇದ್ದವು. ಆ ಕಾರಿಗೇ ಅಂತ ಮಾಡಿದ ಸೈಲೆನ್ಸರ್ ಈಗಲೂ ಇಂಗ್ಲೆಂಡಿನಲ್ಲಿ ಸಿಗುತ್ತದೆ. ತರಿಸಿದರೆ ಹಡಗಿನ ಬಾಡಿಗೆ, ಸುಂಕ ಸೇರಿ ಅಕ್ಕಾರ ಮೂರು ತಿಂಗಳ ಪಿಂಚಣಿ ಬೇಕು. ಹುಬ್ಬಳ್ಳಿಯಲ್ಲಿ ಹುಡುಗರು ಕಾರಿಗೆ ಹಾಕಿಸಿಕೊಳ್ಳುವ ಮಿರಿಮಿರಿ ಸ್ಟೀಲಿನದು ಅಗ್ಗ. ಆದರೆ ಅದರೊಳಗೆ ಟಾರ್ಚ್ ಬಿಟ್ಟರೆ ಬೆಳಕು ಆಚೆ ತುದಿಗೆ ನೇರ ಬೀಳುತ್ತದೆ. ಬೆಳಕು ನೇರ ಹೋದಲ್ಲಿ ಸಪ್ಪಳವೂ ನೇರ ಹೋಗುತ್ತದೆ. ಅದನ್ನು ಹಾಕಿಕೊಂಡು ಅಕ್ಕಾರು ಚರ್ಚಿಗೆ ಹೋದರೆ ದೇವರೇ ಕಾಯಬೇಕು.

ಮೂರನೆಯದು ನನ್ನ ತಲೆಯಿಂದ ಬಂತು. ನಮ್ಮೂರಲ್ಲಿ ಒಂದು ಕಾಲಕ್ಕೆ ಟ್ಯಾಕ್ಸಿಗಳೆಲ್ಲ ಒಂದೇ ಜಾತಿಯ ದುಂಡನೆಯ ಕಾರುಗಳು. ಅವುಗಳ ಹಳೇ ಎಂಜಿನ್ನಿಗೂ ಈ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೂ ರಕ್ತಸಂಬಂಧವಿದೆ, ಎರಡೂ ಒಂದೇ ಮನೆತನದ ನಾಲ್ಕು ಸಿಲಿಂಡರಿನವು. ಇದು ಸ್ವಲ್ಪ ದೊಡ್ಡದು, ಎರಡು ಕಾರ್ಬೊರೇಟರಿನದು, ಹೊಗೆ ಹೆಚ್ಚು ಬಿಡುತ್ತದೆ, ಅಷ್ಟೆ. ಟ್ಯಾಕ್ಸಿಯ ಸೈಲೆನ್ಸರ್ ಉದ್ದವಿತ್ತು, ಒಳಗೆ ಮೂರು ಕೋಣೆಗಳಿದ್ದವು. ಪೈಪಿನ ಒಳ ಅಳತೆ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಪಾಲು ಕಡಿಮೆ, ಅದನ್ನು ಹಿಗ್ಗಿಸಿಕೊಳ್ಳಬಹುದು.

ಅಮರಗೋಳದ ಬಳಿ ಹಳೇ ಬಿಡಿಭಾಗ ಮಾರುವ ಒಬ್ಬ ಅಜ್ಜನ ಅಟ್ಟದಲ್ಲಿ ಇನ್ನೂ ಹಾಕದೇ ಇದ್ದ ಆರು ಸಿಕ್ಕವು. ಆರರಲ್ಲಿ ಒಂದನ್ನು ಆರಿಸುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು. ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಬೇಕು, ಒಳಗಿನ ತಗಡು ಬಿಟ್ಟಿದ್ದರೆ ಗೊತ್ತಾಗುತ್ತದೆ. ಮೊದಲೆಲ್ಲ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದೆ. ಈಗ ಎದೆಗೆ ಒತ್ತಿಕೊಂಡು ಅಲುಗಾಡಿಸಿದೆ, ಒಳಗಿನ ನಡುಕ ಎಲುಬಿಗೆ ತಿಳಿಯುತ್ತದೆ.

"ಏನ್ ತಮ್ಮಾ, ಕೂಸು ಮಲಗಸಾಕತ್ತಿಯೇನು?" ಅಂದ ಅಜ್ಜ. ಅವನ ಬಾಯಲ್ಲಿ ಹಲ್ಲಿರಲಿಲ್ಲ. ಅವನು ಎರಡು ಸಲ ಅಂದ ಮೇಲೆ ತಿಳಿಯಿತು. ಎರಡರಲ್ಲಿ ತಗಡು ಬಿಟ್ಟಿತ್ತು, ಒಂದರಲ್ಲಿ ಇಲಿ ಗೂಡಿತ್ತು. ಉಳಿದ ಮೂರರಲ್ಲಿ ಹೆಚ್ಚು ತೂಕದ್ದನ್ನು ತಂದೆ.

ಕೂಡಿಸುವುದು ಸುಲಭವಿರಲಿಲ್ಲ. ಆ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ರಸ್ತೆಯ ಹಂಪುಗಳಿಗೆ ಮೊದಲು ತಾಗುವುದೇ ಸೈಲೆನ್ಸರು. ಅಡ್ಡ ತಿರುಗಿಸಿ, ಹಿಂದಿನ ಆಕ್ಸಲಿಗೆ ನಾಲ್ಕು ಬೆರಳು ಜಾಗ ಬಿಟ್ಟು, ಹೊಸ ರಬ್ಬರಿನ ಜೋಲಿಯಲ್ಲಿ ತೂಗುಹಾಕಿದೆ. ವೆಲ್ಡ್ ಮಾಡಲಿಲ್ಲ, ಕ್ಲಾಂಪ್ ಹಾಕಿದೆ. ಮುಂದೆ ಬಿಚ್ಚುವವನಿಗೆ ಕಷ್ಟವಾಗಬಾರದು. ಅತಿ ತಗ್ಗಿನ ಜಾಗ ನೋಡಿ ನೀರು ಸೋರುವುದಕ್ಕೆ ಕಡ್ಡಿಯಷ್ಟು ಸಣ್ಣ ತೂತು ಕೊರೆದೆ. ಎಲ್ಲ ಮುಗಿಸಿ ಎಂಜಿನ್ ಶುರು ಮಾಡಿ, ಆಕ್ಸಿಲರೇಟರ್ ಮೇಲೆ ಇಟ್ಟಿಗೆ ಇಟ್ಟು, ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಸಪ್ಪಳ ದಪ್ಪ, ಮೆತ್ತಗೆ, ಒಂದೇ ಸಮ. ಅಂಗೈ ಹಿಡಿದರೆ ಹೊಗೆಯ ತಳ್ಳು ಸರಿಯಾಗಿ ಬಡಿಯುತ್ತಿತ್ತು. ಛಲೋ ಆರಿಸಿದೆ ಅಂದುಕೊಂಡೆ. ಹೇಳಿಕೊಳ್ಳುವುದಕ್ಕೆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಶನಿವಾರ ಕಾರು ಒಯ್ದಿದ್ದ ಅಕ್ಕಾರು ಸೋಮವಾರ ಬೆಳಿಗ್ಗೆ ಮತ್ತೆ ಬಾಗಿಲಲ್ಲಿದ್ದರು.

"ನಿನ್ನೆ ಚರ್ಚಿನ ಮುಂದ ಇಳಿಜಾರಿನ್ಯಾಗ ಆಕ್ಸಿಲರೇಟರ್ ಮ್ಯಾಲಿಂದ ಕಾಲು ತಗದೆ, ಢಮ್ ಅಂತು! ಒಳಗ ಪಾಸ್ಟರು ಪ್ರಾರ್ಥನಾ ನಿಲ್ಲಿಸಿದ್ರಂತ. ಹೊರಗ ಹೂವಿನಾಕಿ ಬುಟ್ಟಿ ಬಿಟ್ಟು ಓಡಿದ್ಲು." ಅವರು ನಕ್ಕರು. ನಂತರ, "ಇನ್ನೊಂದ್ರಿ, ಮುಂದ ಬಾನೆಟ್ಟಿನ ಒಳಗ ಹಿಸ್ ಹಿಸ್ ಅಂತದ. ಹಾವಿನಂಗ" ಅಂದರು.

ನಾನು ಬಾನೆಟ್ ಎತ್ತಿ ಬಗ್ಗಿದೆ. ಏನೂ ಇಲ್ಲ.

"ಅದು ಕಾರ್ಬೊರೇಟರ್ ಗಾಳಿ ಎಳಿಯೋ ಸಪ್ಪಳರಿ ಅಕ್ಕಾರ. ಎರಡು ಕಾರ್ಬೊರೇಟರ್ ಅಲ್ಲೇನ್ರಿ, ಹಂಗ ಇರ್ತೈತಿ."

"ಮೊದಲು ಇರಲಿಲ್ಲ."

"ಮೊದಲು ಸೈಲೆನ್ಸರ್ ಒಡದು ಗದ್ದಲ ಇತ್ತರಿ, ಅದರಾಗ ಕೇಳಿಸಿರಂಗಿಲ್ಲ."

ಅಕ್ಕಾರು ನನ್ನ ಮುಖ ಸ್ವಲ್ಪ ಹೊತ್ತು ನೋಡಿದರು. ಗಣಿತದ ಉತ್ತರ ತಪ್ಪು ಬರೆದ ಹುಡುಗನನ್ನು ನೋಡಿದ ಹಾಗೆ. ಕಾರಿನ ಕೀಲಿ ಮೇಜಿನ ಮೇಲಿಟ್ಟರು. ಆ ದಿನ ಆ ಹೆಣ್ಣುಮಗಳು ಸ್ವಂತ ಕಿವಿಯಲ್ಲಿ ಕೇಳಿದ್ದನ್ನು ಸುಳ್ಳು ಮಾಡಿ ಕಳಿಸಿದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಾಲು ತೆಗೆದಾಗ ಢಮ್ ಅನ್ನುವುದು ಯಾಕೆ ಅಂದರೆ, ಉರಿಯದೆ ಉಳಿದ ಪೆಟ್ರೋಲಿನ ಹಬೆ ಪೈಪಿನೊಳಗೆ ಎಲ್ಲೋ ಬೆಂಕಿ ಹಿಡಿಯುತ್ತದೆ. ಹಿಡಿಯಬೇಕಾದರೆ ಗಾಳಿ ಬೇಕು. ಗಾಳಿ ಎಲ್ಲಿಂದಾದರೂ ಸೋರಿ ಒಳಗೆ ಬರಬೇಕು. ಇದು ನಮ್ಮ ಕೆಲಸದ ಅಆಇಈ. ಹಾಗಾಗಿ ಲೀಕ್ ಇದೆಯೋ ನೋಡಬೇಕೆಂದು ನನಗೂ ಹೊಳೆಯಿತು, ನೋಡಲೂ ನೋಡಿದೆ. ಹೊಗೆ ಬರುವ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದರೆ ಒಳಗೆ ಒತ್ತಡ ಏರಿ, ಜಾಯಿಂಟ್ ಸೋರುತ್ತಿದ್ದರೆ ಹಿಸ್ ಎನ್ನುತ್ತದೆ. ಹಿಂದೆ ಒಬ್ಬ ಒತ್ತಬೇಕು, ಮುಂದೆ ಒಬ್ಬ ಕೇಳಬೇಕು. ಒಬ್ಬನೇ ಇದ್ದೆನಲ್ಲ. ಒದ್ದೆ ಗೋಣಿತಾಟು ತುರುಕಿ ತಂತಿ ಕಟ್ಟಿ ಮುಂದಕ್ಕೆ ಓಡಿದೆ. ಎಂಜಿನ್ ಉಸಿರುಗಟ್ಟಿ ನಾಲ್ಕು ಎಣಿಸುವುದರೊಳಗೆ ನಿಂತಿತು. ಸ್ವಲ್ಪ ಸಡಿಲ ತುರುಕಿದೆ, ಓಡಿದೆ, ಬಗ್ಗಿದೆ. ಹಿಸ್ ಇಲ್ಲ. ಐದು ಸಲ ಓಡಾಡಿದೆ, ಮೊಣಕಾಲು ನೋಯಿತು. ಲೀಕ್ ಇಲ್ಲ ಅಂತ ತೀರ್ಮಾನ ಮಾಡಿದೆ.

ಲೀಕ್ ಇಲ್ಲವೆಂದ ಮೇಲೆ ತಪ್ಪು ಸೈಲೆನ್ಸರಿನದೇ. ಟ್ಯಾಕ್ಸಿಯದು ಈ ಎಂಜಿನ್ನಿಗೆ ಇಕ್ಕಟ್ಟು, ಕೋಣೆಗಳಲ್ಲಿ ಹಬೆ ನಿಂತು ಹೊತ್ತಿಕೊಳ್ಳುತ್ತಿದೆ ಅಂತ ಲೆಕ್ಕ ಹಾಕಿದೆ. ಅದನ್ನು ಬಿಚ್ಚಿ ಮೂಲೆಯಲ್ಲಿಟ್ಟು, ನನ್ನ ಕೂಲಿ ಹಿಡಿಯದೆ, ಕೈಯಾರೆ ಹೊಸದು ಮಾಡುವುದಕ್ಕೆ ಕೂತೆ. ಒಂದೂವರೆ ಅಡಿಯ ಪೈಪಿಗೆ ಸಾಲುಸಾಲಾಗಿ ತೂತು ಹೊಡೆದೆ. ಅದರ ಸುತ್ತ ಗಾಜಿನ ಉಣ್ಣೆ ಬಿಗಿಯಾಗಿ ಸುತ್ತಿ, ಮೇಲೆ ತಗಡಿನ ಕೊಳವೆ ಹೊದಿಸಿ, ಎರಡು ಬದಿ ಮುಚ್ಚಳ ಬೆಸೆದೆ. ಮೂರು ದಿನ ಹಿಡಿಯಿತು. ಗಾಜಿನ ಉಣ್ಣೆ ಅಂಗಿಯೊಳಗೆ ಹೊಕ್ಕು ರಾತ್ರಿಯಿಡೀ ಕೆರೆದುಕೊಂಡೆ. ಊಟಕ್ಕೆ ಮನೆಗೆ ಹೋಗಲೂ ಮನಸ್ಸಾಗದೆ ಶೆಡ್ಡಿನಲ್ಲೇ ಬ್ರೆಡ್ಡು ತಿಂದೆ. ಆ ಮೂರು ದಿನ ನನ್ನೊಡನೆ ಮಾತಾಡಿದವರು ಯಾರೂ ಇಲ್ಲ. ಮಾತಾಡಿದ್ದರೂ ನನಗೆ ಗೊತ್ತಾಗುತ್ತಿತ್ತೋ ಇಲ್ಲವೋ.

ಮತ್ತೆ ಇಟ್ಟಿಗೆ, ಮತ್ತೆ ಕುಕ್ಕರಗಾಲು. ಸಪ್ಪಳ ಸ್ವಲ್ಪ ಗಡಸು, ಆದರೂ ಪರವಾಗಿಲ್ಲ. ನೋಡಿ, ನನ್ನ ದಡ್ಡತನ ಇಲ್ಲಿತ್ತು. ಇಟ್ಟಿಗೆ ಒತ್ತಿ ಹಿಡಿಯುತ್ತದೆಯೇ ಹೊರತು ಕಾಲು ತೆಗೆಯುವುದಿಲ್ಲ. ಢಮ್ ಅನ್ನುವುದು ಕಾಲು ತೆಗೆದಾಗ. ಮನುಷ್ಯನ ಜಾಗದಲ್ಲಿ ಇಟ್ಟಿಗೆ ಇಟ್ಟುಕೊಂಡವನಿಗೆ ಅರ್ಧ ಪರೀಕ್ಷೆಯೇ ಗತಿ.

ಅಕ್ಕಾರು ಒಂದು ಸುತ್ತು ಹೋಗಿ ಬಂದು ಎಂಜಿನ್ ಆರಿಸಿದರು. ಇಳಿಯಲಿಲ್ಲ.

"ಈಗ ಇನ್ನೂ ಜೋರ ಆಗೇದ. ಸಾಲು ಪಟಾಕಿ ಹಚ್ಚಿದಂಗ. ಹಿಸ್ ಅನ್ನೋದೂ ಹಂಗ ಅದ."

"ಅಕ್ಕಾರ, ಇದಕ್ಕ ಅದರದ ಆಗಬೇಕು ಕಾಣಸ್ತೈತಿ. ಇಂಗ್ಲೆಂಡಿಂದು."

ಅವರು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟರು. ಆ ಸ್ಟೀರಿಂಗಿಗೆ ಅವರು ತಾವೇ ಹೊಲಿದ ಕಂದು ಬಟ್ಟೆಯ ಕವಚವಿತ್ತು. ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಅದನ್ನು ಬೆರಳಿಂದ ಒಳಗೆ ತಳ್ಳಿದರು.

"ಹಂಗಾದ್ರ ಗಾಡಿ ಇಲ್ಲೇ ಇರಲಿ. ಪುಣೆದಾಂವಗ ನಾಳೆ ಸಂಜೀಕ ಫೋನ್ ಮಾಡ್ತೀನಿ. ನೀವು ಭಾಳ ಕಷ್ಟಪಟ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ಕೀಲಿ ನನ್ನ ಕೈಗಿಟ್ಟು ಬಸ್ಸಿಗೆ ನಡೆದರು. ನಡೆಯುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ.

ಸಂಜೆ ಐದರ ಹೊತ್ತು. ಬೇರೆ ಕೆಲಸ ಹತ್ತಲಿಲ್ಲ. ಮೇಜಿನ ಮೇಲೆ ಹಳೇ ಸೈಲೆನ್ಸರಿನ ತುಕ್ಕಿನ ಪುಡಿ ಇನ್ನೂ ಹಾಗೇ ಬಿದ್ದಿತ್ತು. ಊದಿ ತೆಗೆಯೋಣವೆಂದು ಗಾಳಿ ಕಂಪ್ರೆಸರಿನ ಪೈಪನ್ನು ಕೊಕ್ಕೆಯಿಂದ ತೆಗೆದೆ. ನಾನು ಇನ್ನೂ ಗುಂಡಿ ಒತ್ತಿರಲಿಲ್ಲ, ಪುಡಿ ಹಾರತೊಡಗಿತು.

ಬೆರಳು ನೋಡಿಕೊಂಡೆ. ಗುಂಡಿಯ ಮೇಲಿರಲಿಲ್ಲ. ನಳಿಗೆಯ ಬುಡದಲ್ಲಿ ವಾಶರ್ ಸವೆದು ಗಾಳಿ ಸೋರುತ್ತಿತ್ತು, ಕೈಗೆ ತಣ್ಣಗೆ ತಾಗುತ್ತಿತ್ತು. ಪುಡಿ ಹಾರಿ ನನ್ನ ಅಂಗಿಯ ಮೇಲೆ ಕೂರುತ್ತಿತ್ತು. ಸಪ್ಪಳ ಮಾತ್ರ ಇರಲಿಲ್ಲ. ನಳಿಗೆಯನ್ನು ಬಲಗಿವಿಗೆ ಹಿಡಿದೆ. ಕಿವಿಯ ಕೂದಲು ಅಲುಗಾಡಿತು. ಎಡಗಿವಿಗೆ ಹಿಡಿದೆ. ಅಲ್ಲೂ ಅಷ್ಟೇ. ಗುಂಡಿಯನ್ನು ಪೂರ್ತಿ ಒತ್ತಿದ ಮೇಲೆ ಎಲ್ಲೋ ದೂರದಲ್ಲಿ ಯಾರೋ ಕಸ ಗುಡಿಸಿದಷ್ಟು ಕೇಳಿಸಿತು. ಕಂಪ್ರೆಸರಿನ ಮೋಟಾರು ನಾಲ್ಕೈದು ತಿಂಗಳಿಂದ ಪದೇ ಪದೇ ತಾನೇ ಶುರುವಾಗುತ್ತಿತ್ತು. ಯಾಕೆ ಅಂತ ಆಗ ತಿಳಿಯಿತು. ಅಷ್ಟು ತಿಂಗಳು ಅದು ನನ್ನ ತಲೆಯ ಪಕ್ಕದಲ್ಲೇ ಹಿಸ್ ಎನ್ನುತ್ತಿತ್ತು.

ಸ್ಟೂಲಿನ ಮೇಲೆ ಕೂತೆ. ಅಳು ಬಂತು. ಐವತ್ತೆಂಟರ ಗಂಡಸು ಗ್ರೀಸಿನ ಕೈಯಲ್ಲಿ ಮುಖ ಒರೆಸಿಕೊಂಡು ಅಳುವುದನ್ನು ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಅಕ್ಕಾರು ಮೊದಲ ಸೋಮವಾರವೇ ಹೇಳಿದ್ದರು. ನನ್ನ ಕಿವಿಯ ಗುಟ್ಟು ಉಳಿಸಿಕೊಳ್ಳುವುದಕ್ಕೆ ನಾನು ಅವರ ಕಾರನ್ನು ಪುಣೆಗೆ ಕಳಿಸಲು ಹೊರಟಿದ್ದೆ.

ಮರುದಿನ ಬೆಳಿಗ್ಗೆ ಮೂಲೆಯಲ್ಲಿದ್ದ ಟ್ಯಾಕ್ಸಿಯ ಸೈಲೆನ್ಸರನ್ನು ಮತ್ತೆ ಕಾರಿಗೆ ಕಟ್ಟಿದೆ. ಅದರ ಮೇಲೆ ನೀರಿನ ಕೊಡ ಇಟ್ಟುಕೊಂಡಿದ್ದೆ, ಇಳಿಸಿದೆ. ಶೆಡ್ಡಿನ ಬಾಗಿಲು ಎಳೆದು ಗಬ್ಬೂರಿಗೆ ಹೊರಟೆ. ಬೈಪಾಸಿನಲ್ಲಿ ಕಾಲು ತೆಗೆದಾಗಲೆಲ್ಲ ಢಮ್ ಎನ್ನುತ್ತಿತ್ತು. ಲಾರಿಯವರು ಕಿಟಕಿಯಿಂದ ಬಗ್ಗಿ ನೋಡಿದರು. ಒಂದು ಕಡೆ ಎಮ್ಮೆಗಳು ಚದುರಿದವು, ಅವುಗಳ ಹಿಂದಿದ್ದವ ಬಾಯಿ ದೊಡ್ಡದು ಮಾಡಿ ಬೈದ. ಬೈಗುಳ ಕೇಳಿಸದಿದ್ದದ್ದೇ ಒಳ್ಳೆಯದಾಯಿತು. ಗಬ್ಬೂರು ಹತ್ತಿರವಾದಂತೆ ಎರಡು ಸಲ ವಾಪಸ್ ಹೋಗೋಣವೆನಿಸಿತು. ಏನಂತ ಶುರು ಮಾಡುವುದು? ಮೂರು ವರ್ಷದ ಮೇಲೆ ಹೋಗಿ ನಿಂತು ಏನನ್ನುವುದು?

ಏನೂ ಅನ್ನುವ ಪ್ರಸಂಗ ಬರಲಿಲ್ಲ. ಪಾಲುದಾರ ರಸ್ತೆಗೇ ಬಂದು ನಿಂತಿದ್ದ. ಢಮ್ ಎನ್ನುವುದು ಅವನಿಗೆ ಅರ್ಧ ಮೈಲಿ ಆಚೆಯಿಂದಲೇ ಕೇಳಿಸಿರಬೇಕು. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಕಾರನ್ನು ನೋಡಿದ. ಸಲಾಮಿಲ್ಲ, ನಮಸ್ಕಾರವಿಲ್ಲ. ಬಾನೆಟ್ ಎತ್ತಿ, ಬಲಗೈ ಚಾಚಿ ಅಂಗೈ ಮೇಲೆ ಮಾಡಿದ.

ಏರಿಸು.

ಒತ್ತಿದೆ. ಮುಷ್ಟಿ ಹಿಡಿದ, ನಿಲ್ಲಿಸಿದೆ. ಅಂಗೈ ಕೆಳಗೆ ಮಾಡಿದ, ಕಾಲು ತೆಗೆದೆ, ಢಮ್ ಎಂದಿತು. ಅವನು ತಲೆ ವಾರೆ ಮಾಡಿ ಎಂಜಿನ್ನಿನ ಎಡಬದಿಗೆ ಬಗ್ಗಿದ. ಒಳಗೆ ಹೋಗಿ ಊದುಬತ್ತಿ ಹಚ್ಚಿ ತಂದ. ಎಂಜಿನ್ನಿನಿಂದ ಪೈಪು ಶುರುವಾಗುವ ಮೊದಲ ಜಾಯಿಂಟಿನ ಹತ್ತಿರ ಹಿಡಿದು, ಬಾ ಎಂದು ನನಗೆ ಸನ್ನೆ ಮಾಡಿದ. ನೇರ ಏರುತ್ತಿದ್ದ ಹೊಗೆಯ ಎಳೆ ಅಲ್ಲಿ ಬಂದ ಕೂಡಲೇ ಚದುರಿ, ಒಳಗೆ ಎಳೆದುಕೊಂಡು, ಮತ್ತೆ ಉಗುಳಿದ ಹಾಗೆ ಹೊರಗೆ ಬರುತ್ತಿತ್ತು. ಊದುಬತ್ತಿ ನನ್ನ ಶೆಡ್ಡಿನಲ್ಲೂ ಇತ್ತು, ಹೆಂಡತಿಯ ಫೋಟೋದ ಮುಂದೆ ದಿನಾ ಹಚ್ಚುತ್ತೇನೆ. ಆದರೆ ಲೀಕ್ ಇಲ್ಲವೆಂದು ತೀರ್ಮಾನ ಮಾಡಿದವನು ಊದುಬತ್ತಿ ಯಾಕೆ ಹಿಡಿದು ನೋಡುತ್ತಾನೆ?

ಪಾಲುದಾರ ಎಂಜಿನ್ ಆರಿಸಿ ಏನೋ ಅಂದ. ನಾನು ಅವನ ಬಾಯಿ ನೋಡಿದೆ. ಅವನಿಗೆ ಅರ್ಥವಾಯಿತು. ಹತ್ತಿರ ಬಂದು ದೊಡ್ಡದಾಗಿ ಅಂದ:

"ಸೈಲೆನ್ಸರ್ ಏನೂ ಮಾಡಿಲ್ಲ. ಜಾಯಿಂಟ್ ಸೋರಾಕತ್ತೇತಿ. ಇಷ್ಟು ಹಿಸ್ ಅನ್ನಾಕತ್ತೇತಿ, ನಿನಗ ಕೇಳಿಸ್ಲಿಲ್ಲೇನು?"

"ಇಲ್ಲ," ಅಂದೆ. "ಕೇಳಸಂಗಿಲ್ಲ. ಅವತ್ತ ಜೀಪಿನ ಟ್ಯಾಪೆಟ್ಟೂ ಕೇಳಿಸಿರಲಿಲ್ಲ. ನೀ ಅಂದದ್ದು ಖರೇ ಇತ್ತು."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾಕು ಜನರ ಮುಂದ ಅನಬಾರದಿತ್ತು ನಾ," ಅಂದ. "ಆತು ಬಿಡು. ಪಾನಾ ತಾ, ಅರ್ಧ ಇಂಚಿಂದು."

ಜಾಯಿಂಟ್ ಬಿಚ್ಚಿದೆವು. ಮೂರು ಬೋಲ್ಟುಗಳಲ್ಲಿ ಒಂದು ಒಳಗೇ ಮುರಿದಿತ್ತು, ಪೈಪಿನ ಮುಖ ಬಿಸಿಗೆ ಸೊಟ್ಟಗಾಗಿತ್ತು. ಹಗ್ಗದಲ್ಲಿ ಕಟ್ಟಿದ ಸೈಲೆನ್ಸರ್ ರಸ್ತೆಗೆ ಬಡಿದಾಗಲೇ ಆ ಏಟು ಮುಂದಿನ ತನಕ ಹೋಗಿರಬೇಕು. ಕಿಟಕಿಯ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಮುಖವನ್ನು ಉಜ್ಜಿ ಸಮ ಮಾಡಿದೆ. ಅವನು ಮುರಿದ ಬೋಲ್ಟನ್ನು ಕೊರೆದು ತೆಗೆದ. ಹೊಸ ಬೋಲ್ಟು, ತುಕ್ಕು ಹಿಡಿಯದ ಹಿತ್ತಾಳೆಯ ನಟ್ಟು, ಸಂದು ಮುಚ್ಚುವ ತಾಮ್ರದ ಗ್ಯಾಸ್ಕೆಟ್ಟು. ಒಂದು ಹೊತ್ತಿನ ಕೆಲಸ, ಖರ್ಚೆಂದರೆ ಅವಿಷ್ಟೇ. ನಂತರ ನಾನು ಒಳಗೆ, ಅವನು ಹೊರಗೆ. ಏರಿಸು, ನಿಲ್ಲಿಸು, ಇಳಿಸು. ಢಮ್ ಇಲ್ಲ. ಅಂಗೈ ಅಲ್ಲಾಡಿಸುತ್ತಾ ಇನ್ನೂ ಮೂರು ಸಲ ಏರಿಸಿ ಇಳಿಸಲು ಹೇಳಿದ. ಬೇಕಂತಲೇ ಮಾಡುತ್ತಿದ್ದ ಅನ್ನಿಸುತ್ತದೆ. ನನಗೂ ಬೇಕಾಗಿತ್ತು.

ಅಕ್ಕಾರಿಗೆ ಅವನೇ ಫೋನ್ ಮಾಡಿ, ಪುಣೆಗೆ ಮಾತಾಡಬೇಡಿರೆಂದು ಹೇಳಿದ. ನಾಲ್ಕರ ಹೊತ್ತಿಗೆ ಬಸ್ಸಿಳಿದು ಬಂದರು. ನಾನು ಎದುರಿಗೆ ಹೋಗಿ ನಿಂತೆ.

"ಅಕ್ಕಾರ, ನೀವು ಹಿಸ್ ಅಂತದ ಅಂದ್ರಲ್ರಿ, ಅದು ಖರೇ ಇತ್ತರಿ. ನನಗ ಸಣ್ಣ ಸಪ್ಪಳ ಕೇಳಸಂಗಿಲ್ಲ. ಹೇಳಾಕ ನಾಚಿಕಿ ಆಗಿ ನಿಮ್ಮನ್ನ ಸುಳ್ಳ ಮಾಡಿದೆ. ತಪ್ಪಾತ್ರಿ."

"ಗೊತ್ತಿತ್ತು," ಅಂದರು ಅಕ್ಕಾರು. "ಮೊದಲ್ನೇ ದಿನಾನ ಗೊತ್ತಾತು. ಮೂವತ್ತೈದು ವರ್ಷ ಕಲಿಸೇನಿ. ಕೇಳಿಸದ ಹುಡುಗರು ಮಂದಿ ಮುಖ ನೋಡಿ ನಗ್ತಾರ. ಅದಕ್ಕ ನಾ ನಿಮ್ಮ ಎದುರಿಗೇ ನಿಂತು ಮಾತಾಡತಿದ್ದೆ." ಕಾರಿನ ಬಾನೆಟ್ ಮೇಲೆ ಕೈಯಿಟ್ಟು, "ಆದ್ರ ಹಿಸ್ ಅಂದದ್ದನ್ನ ನಾ ಇನ್ನೊಮ್ಮೆ ಜೋರಾಗಿ ಹೇಳಬೇಕಿತ್ತು. ನನ್ನದೂ ತಪ್ಪದ" ಅಂದರು.

ಪಿಂಚಣಿಯಲ್ಲಿ ಇನ್ನೂ ಉಳಿಯುತ್ತದೆಂದು ಪಾಲುದಾರ ಹೇಳಿದಾಗ ಅವರು ಸ್ಟೀರಿಂಗಿನ ಕವಚಕ್ಕೆ ಹೊಸ ಬಟ್ಟೆ ತರುವೆನೆಂದರು. ಕಾರು ಹತ್ತಿದರು. ಟಾಪು ಕೆಳಗಿಳಿಸಿದ್ದರು, ಸೀರೆಯ ಸೆರಗನ್ನು ತಲೆಗೆ ಸುತ್ತಿಕೊಂಡಿದ್ದರು. ನಾನೂ ಪಾಲುದಾರನೂ ರಸ್ತೆಯ ಅಂಚಿನಲ್ಲಿ ನಿಂತೆವು. ಕಾರು ಹೊರಟಿತು. ಮೊದಲು ಅದರ ದಪ್ಪ ಸಪ್ಪಳ ನನಗೂ ಕೇಳಿಸಿತು. ಐವತ್ತು ಮಾರು ಹೋಗುವಷ್ಟರಲ್ಲಿ ಇಲ್ಲವಾಯಿತು. ಲಾರಿಗಳ ಗದ್ದಲ ಮಾತ್ರ ಉಳಿಯಿತು.

ಆದರೆ ಪಾಲುದಾರ ಇನ್ನೂ ಕೇಳುತ್ತಿದ್ದ. ತಲೆ ವಾರೆ ಮಾಡಿ ಮುಷ್ಟಿ ಎತ್ತಿ ಹಿಡಿದಿದ್ದ. ಮುಂದೆ ಬೈಪಾಸಿಗೆ ಇಳಿಯುವಲ್ಲಿ ಇಳಿಜಾರಿದೆ, ಅಲ್ಲಿ ಅಕ್ಕಾರು ಕಾಲು ತೆಗೆಯಲೇಬೇಕು. ನಾನು ರಸ್ತೆ ನೋಡಲಿಲ್ಲ, ಅವನ ಕೈ ನೋಡುತ್ತಾ ನಿಂತೆ. ಕಾರು ಸಣ್ಣದಾಗಿ, ಒಂದು ಲಾರಿಯ ಹಿಂದೆ ಮರೆಯಾಗಿರಬೇಕು. ಮುಷ್ಟಿ ಹಾಗೇ ಇತ್ತು. ಅಂಗೈ ನಿಧಾನ ತೆರೆದು ಕೆಳಮುಖವಾಯಿತು. ಆಮೇಲೆ ಆ ಕೈ ಇಳಿದು ತೊಡೆಗೆ ಒಂದು ಏಟು ಹಾಕಿತು.

ಅವನು ರಸ್ತೆಯ ಕಡೆಗೇ ಮುಖ ಮಾಡಿ ಏನೋ ಅಂದ. ಅಭ್ಯಾಸದಂತೆ ನಗುವುದಕ್ಕೆ ನನ್ನ ಬಾಯಿ ಅರ್ಧ ತೆರೆದಿತ್ತು, ಮುಚ್ಚಿಕೊಂಡೆ.

"ಏನಂದಿ?" ಅಂದೆ. "ಕೇಳಿಸ್ಲಿಲ್ಲ, ಇನ್ನೊಮ್ಮೆ ಅನ್ನು."

ಅವನು ನನ್ನ ಕಡೆ ತಿರುಗಿದ.